ಧ ಪ ಗ ರಿ

ಜುಲೈ ತಿಂಗಳ ಒಂದು ಭಾನುವಾರ. ಶಿವಮೊಗ್ಗದಿಂದ ಹೊರಟ ಬಸ್ಸು ಮಂಡಗದ್ದೆ ದಾಟುವ ಹೊತ್ತಿಗೆ ಜೋರು ಮಳೆ ಹಿಡಿದಿತ್ತು. ತೀರ್ಥಹಳ್ಳಿಯಲ್ಲಿ ಇಳಿದು ಪಿಟೀಲು ಮೇಷ್ಟ್ರ ಮನೆ ಸೇರಿದಾಗ ಪಾಠಕ್ಕೆ ಇನ್ನೂ ಅರ್ಧ ಗಂಟೆ ಇತ್ತು. ಒಳಗೆ ಅವರು ಅಭ್ಯಾಸ ಮಾಡುತ್ತಿದ್ದರು. ಛತ್ರಿ ಮಡಚಿಟ್ಟು ಜಗಲಿಯಲ್ಲೇ ಕೂತೆ.

ಕೇಳಿಸುತ್ತಿದ್ದದ್ದು ಮೋಹನ ರಾಗದ ವರ್ಣ. ಕರ್ನಾಟಕ ಸಂಗೀತ ಕಲಿಯುವ ಮಕ್ಕಳು ಮೊದಲ ಕೆಲವು ವರ್ಷಗಳಲ್ಲೇ ಕಲಿತುಬಿಡುವಂಥ ರಚನೆ. ಮೇಷ್ಟ್ರಿಗೆ ಅರವತ್ತು ದಾಟಿದೆ. ನಲವತ್ತು ವರ್ಷ ಕಛೇರಿಗಳಲ್ಲಿ ಪಕ್ಕವಾದ್ಯ ನುಡಿಸಿದವರು. ಈ ವರ್ಣ ಅವರಿಗೆ ನಿದ್ದೆಗಣ್ಣಲ್ಲೂ ಬರುತ್ತದೆ. ಆದರೆ ಅವತ್ತು ಅವರು ವರ್ಣವನ್ನು ಪೂರ್ತಿ ನುಡಿಸುತ್ತಲೇ ಇರಲಿಲ್ಲ. ಧ ಪ ಗ ರಿ, ಅಷ್ಟೇ. ನಿಲ್ಲಿಸುವುದು. ಮತ್ತೆ ಅದೇ ನಾಲ್ಕು ಸ್ವರ, ಇನ್ನೂ ನಿಧಾನ. ಒಂದಷ್ಟು ಹೊತ್ತು ಎಡಗೈ ಬೆರಳೇ ಇಡದೆ ಬರೀ ಕಮಾನು ಎಳೆದರು. ಆಮೇಲೆ ಬೆರಳು ಸೇರಿಸಿದರು. ಹೀಗೇ ಇಪ್ಪತ್ತು ನಿಮಿಷ.

ಆ ಜಾಗದಲ್ಲಿ ಒಂದು ತೊಡಕಿದೆ. ನಮ್ಮ ಪದ್ಧತಿಯಲ್ಲಿ ಪಿಟೀಲಿನ ನಾಲ್ಕು ತಂತಿಗಳನ್ನು ಸ, ಪ, ಸ, ಪ ಎಂದು ಶ್ರುತಿ ಮಾಡುತ್ತೇವೆ. ಧ ಮತ್ತು ಪ ಕೊನೆಯ ತಂತಿಯಲ್ಲಿ ಸಿಗುತ್ತವೆ. ಗ ಮತ್ತು ರಿ ಅದರ ಪಕ್ಕದ ತಂತಿಯಲ್ಲಿ. ಪ ಮುಗಿದು ಗ ಶುರುವಾಗುವಷ್ಟರಲ್ಲಿ ಕಮಾನು ಒಂದು ತಂತಿಯಿಂದ ಇನ್ನೊಂದಕ್ಕೆ ವಾಲಬೇಕು. ಎರಡನೇ ಕಾಲದಲ್ಲಿ, ಅಂದರೆ ಎರಡು ಪಟ್ಟು ವೇಗದಲ್ಲಿ, ಅದಕ್ಕೆ ಸಿಗುವ ಸಮಯ ತೀರಾ ಕಡಿಮೆ. ಒಂಚೂರು ಆಚೀಚೆ ಆದರೂ ಎರಡು ತಂತಿ ಒಟ್ಟಿಗೆ ಕೂಗುತ್ತವೆ, ಇಲ್ಲವೇ ಒಂದು ಸ್ವರ ಮೊಟಕಾಗುತ್ತದೆ. ಜಗಲಿಯಲ್ಲಿ ಕೂತ ನನಗೆ ಅವರು ನುಡಿಸಿದ್ದರಲ್ಲಿ ಯಾವ ತಪ್ಪೂ ಕೇಳಿಸಲಿಲ್ಲ. ಅವರಿಗೆ ಕೇಳಿಸಿತ್ತು.

ನಾನು ಶಿವಮೊಗ್ಗದ ಒಂದು ಬ್ಯಾಂಕಿನಲ್ಲಿ ಕೆಲಸ ಮಾಡುವವನು. ಹನ್ನೊಂದು ವರ್ಷದಿಂದ ಪಿಟೀಲು ಕಲಿಯುತ್ತಿದ್ದೇನೆ. ನುಡಿಸುವುದರಲ್ಲಿ ಹವ್ಯಾಸಿಯಾದ ನನಗೂ ವೃತ್ತಿಪರರಾದ ಮೇಷ್ಟ್ರಿಗೂ ಇಷ್ಟು ಅಂತರ ಯಾಕೆ ಅನ್ನೋದು ಅವತ್ತಿನಿಂದ ತಲೆ ಕೊರೆಯತೊಡಗಿತು. ಸಂಶೋಧಕರು ಇದರ ಬಗ್ಗೆ ಏನು ಕಂಡುಕೊಂಡಿದ್ದಾರೆ ಅಂತ ಓದುತ್ತಾ ಹೋದೆ.

ಇಲ್ಲೊಂದು ಮಾತು ಹೇಳಿಬಿಡಬೇಕು. ವೃತ್ತಿಪರ ಅಂದರೆ ಹಾಡಿ, ನುಡಿಸಿ ಹೊಟ್ಟೆ ಹೊರೆಯುವವರು ಅಂತ ಮಾತ್ರ ತಿಳಿದುಕೊಂಡರೆ ಸಾಲದು. ನಮ್ಮ ಶಿವಮೊಗ್ಗ ಸುಬ್ಬಣ್ಣ ಓದಿದ್ದು ಕಾನೂನು, ಮಾಡಿದ್ದು ವಕೀಲಿಕೆ. ಹಿನ್ನೆಲೆ ಗಾಯನಕ್ಕೆ ರಾಷ್ಟ್ರಪ್ರಶಸ್ತಿ ಪಡೆದ ಮೊದಲ ಕನ್ನಡಿಗರೂ ಅವರೇ. ಅವರನ್ನು ಹವ್ಯಾಸಿ ಅನ್ನೋಕೆ ಯಾರಿಗೂ ಮನಸ್ಸು ಬರುವುದಿಲ್ಲ. ಹಾಗಾಗಿ ಇಲ್ಲಿ ನಾನು ಕೇಳುತ್ತಿರುವುದು ಕಸುಬಿನ ಮಟ್ಟದ ಬಗ್ಗೆ, ಸಂಭಾವನೆಯ ಬಗ್ಗೆ ಅಲ್ಲ.

ಮೊದಲು ಎಲ್ಲರೂ ಹೇಳುವುದು ಗಂಟೆಗಳ ಲೆಕ್ಕ. ಹತ್ತು ಸಾವಿರ ಗಂಟೆ ಅಭ್ಯಾಸ ಮಾಡಿದರೆ ಯಾರು ಬೇಕಾದರೂ ವಿದ್ವಾಂಸರಾಗಬಹುದು ಅನ್ನುವ ಮಾತನ್ನು ನೀವೂ ಕೇಳಿರುತ್ತೀರಿ. ಇದರ ಮೂಲ ಮನಶ್ಶಾಸ್ತ್ರಜ್ಞ ಆಂಡರ್ಸ್ ಎರಿಕ್ಸನ್ ಮತ್ತು ಇಬ್ಬರು ಸಂಗಡಿಗರು ಬರ್ಲಿನ್‌ನಲ್ಲಿ ಮಾಡಿ 1993ರಲ್ಲಿ ಪ್ರಕಟಿಸಿದ ಅಧ್ಯಯನ. ಅಲ್ಲಿನ ಸಂಗೀತ ಶಾಲೆಯ ಅತ್ಯುತ್ತಮ ಪಿಟೀಲು ವಿದ್ಯಾರ್ಥಿಗಳು ಇಪ್ಪತ್ತು ವರ್ಷ ತುಂಬುವಷ್ಟರಲ್ಲಿ ಒಬ್ಬರೇ ಕೂತು ಮಾಡಿದ ಅಭ್ಯಾಸ ಸರಾಸರಿ ಹತ್ತು ಸಾವಿರ ಗಂಟೆ ದಾಟಿತ್ತು. ಸರಾಸರಿ ಅನ್ನೋದನ್ನು ಗಮನಿಸಿ. ಅಷ್ಟು ಗಂಟೆ ಮುಟ್ಟದೆಯೂ ಆ ಗುಂಪಿನಲ್ಲಿ ಇದ್ದವರು ಇದ್ದರು. ಅದೇನೂ ದಾಟಿದ ಕೂಡಲೇ ಬಾಗಿಲು ತೆರೆಯುವ ಹೊಸ್ತಿಲಲ್ಲ.

ನನಗೆ ಹೆಚ್ಚು ತಟ್ಟಿದ್ದು ಅದೇ ಪ್ರಬಂಧದಲ್ಲಿರುವ ಇನ್ನೊಂದು ಲೆಕ್ಕ. ಅಲ್ಲಿ ಪಿಯಾನೋ ನುಡಿಸುವವರಲ್ಲಿ ನುರಿತವರನ್ನೂ ಹವ್ಯಾಸಿಗಳನ್ನೂ ಹೋಲಿಸಿದ್ದಾರೆ. ಹದಿನೆಂಟನೇ ವಯಸ್ಸಿಗೆ ನುರಿತವರು 7,606 ಗಂಟೆ ಅಭ್ಯಾಸ ಮಾಡಿದ್ದರು. ಹವ್ಯಾಸಿಗಳು 1,606 ಗಂಟೆ. ಅಧ್ಯಯನದ ಹೊತ್ತಿಗೆ ನುರಿತವರು ವಾರಕ್ಕೆ ಇಪ್ಪತ್ತಾರು ಗಂಟೆಗೂ ಜಾಸ್ತಿ ಕೂರುತ್ತಿದ್ದರು, ಹವ್ಯಾಸಿಗಳು ಎರಡು ಗಂಟೆಗೂ ಕಡಿಮೆ. ಇದನ್ನು ಓದಿದಾಗ ನನ್ನ ವಾರವೇ ಕಣ್ಣ ಮುಂದೆ ಬಂತು.

ಹಾಗಾದರೆ ಗಂಟೆಯೇ ಎಲ್ಲವೂ ಅಲ್ವಾ? ಹಾಗೂ ಇಲ್ಲ. 2014ರಲ್ಲಿ ಬ್ರೂಕ್ ಮ್ಯಾಕ್‌ನಮಾರಾ ಮತ್ತು ಸಂಗಡಿಗರು ಇಂಥ ಹಲವಾರು ಅಧ್ಯಯನಗಳನ್ನು ಒಟ್ಟು ಸೇರಿಸಿ ಲೆಕ್ಕ ಹಾಕಿದರು. ಸಂಗೀತಗಾರರ ನಡುವಿನ ವ್ಯತ್ಯಾಸದಲ್ಲಿ ಅಭ್ಯಾಸದ ಗಂಟೆಗಳಿಂದ ವಿವರಿಸಲು ಆಗಿದ್ದು ಸುಮಾರು ಶೇಕಡಾ 21 ಮಾತ್ರ. 2019ರಲ್ಲಿ ಬರ್ಲಿನ್ ಅಧ್ಯಯನವನ್ನೇ ಹೊಸದಾಗಿ ಮಾಡಿ ನೋಡಿದಾಗ, ಅತ್ಯುತ್ತಮರಿಗೂ ಅವರ ನಂತರದವರಿಗೂ ಗಂಟೆಯಲ್ಲಿ ವ್ಯತ್ಯಾಸವೇ ಕಾಣಲಿಲ್ಲ. ಅವರಿಬ್ಬರಿಗಿಂತ ಕೆಳಗಿನ ಮಟ್ಟದ ಮೂರನೇ ಗುಂಪು ಮಾತ್ರ ಹಿಂದೆ ಇತ್ತು. ಹುಟ್ಟಿನಿಂದ ಬಂದದ್ದೂ ಸ್ವಲ್ಪ ಇದೆ. ಸ್ವೀಡನ್ನಿನ ಹತ್ತು ಸಾವಿರಕ್ಕೂ ಹೆಚ್ಚು ಅವಳಿಗಳ ಮೇಲೆ ನಡೆದ ಅಧ್ಯಯನದ ಪ್ರಕಾರ, ಎಷ್ಟು ಹೊತ್ತು ಅಭ್ಯಾಸಕ್ಕೆ ಕೂರುತ್ತೇವೆ ಅನ್ನೋದರಲ್ಲೂ ಅಪ್ಪ ಅಮ್ಮನಿಂದ ಬಂದ ಪಾಲಿದೆ.

ಇಷ್ಟಾದ ಮೇಲೆ ನನಗೆ ಸಿಕ್ಕಿದ್ದು 2009ರ ಒಂದು ಸಣ್ಣ ಅಧ್ಯಯನ. ಈ ವಿಷಯದಲ್ಲಿ ನಾನು ಓದಿದ್ದರಲ್ಲೆಲ್ಲ ಬೆಲೆಬಾಳುವುದು ಅದೇ ಅಂತ ನನ್ನ ಅಭಿಪ್ರಾಯ. ಅಮೆರಿಕದ ಟೆಕ್ಸಾಸ್ ವಿಶ್ವವಿದ್ಯಾಲಯದಲ್ಲಿ ರಾಬರ್ಟ್ ಡ್ಯೂಕ್ ಮತ್ತು ಅವರ ಜೊತೆಗಾರರು ಹದಿನೇಳು ಪಿಯಾನೋ ವಿದ್ಯಾರ್ಥಿಗಳಿಗೆ ಒಂದು ಕಷ್ಟದ ತುಣುಕು ಕೊಟ್ಟರು. ನಿಮಗೆ ಸಾಕು ಅನ್ನಿಸುವವರೆಗೆ ಅಭ್ಯಾಸ ಮಾಡಿ ಅಂದರು. ಅದನ್ನೆಲ್ಲ ಚಿತ್ರೀಕರಿಸಿಕೊಂಡರು. ಮರುದಿನ ಕರೆದು, ಅಭ್ಯಾಸವಿಲ್ಲದೆ ನೇರವಾಗಿ ನುಡಿಸಲು ಹೇಳಿ, ಯಾರದು ಚೆನ್ನಾಗಿತ್ತು ಅಂತ ಸಾಲಾಗಿ ಜೋಡಿಸಿದರು.

ಎಷ್ಟು ಹೊತ್ತು ಅಭ್ಯಾಸ ಮಾಡಿದರು ಅನ್ನೋದಕ್ಕೂ ಮರುದಿನದ ಗುಣಮಟ್ಟಕ್ಕೂ ಸಂಬಂಧ ಸಿಗಲಿಲ್ಲ. ಎಷ್ಟು ಸಲ ನುಡಿಸಿದರು ಅನ್ನೋದಕ್ಕೂ ಸಿಗಲಿಲ್ಲ. ಮೇಲಿನ ಮೂವರು ಶುರುವಿನಲ್ಲಿ ಕಡಿಮೆ ತಪ್ಪು ಮಾಡಿದ್ದರೇ? ಅದೂ ಇಲ್ಲ, ಅವರೂ ಬೇರೆಯವರಷ್ಟೇ ತಪ್ಪಿದ್ದರು. ಆದರೆ ತಪ್ಪು ಬಂದ ಕ್ಷಣ ಅವರು ಮಾಡಿದ್ದು ಬೇರೆ. ತಪ್ಪು ಸರಿಯಾಗಿ ಎಲ್ಲಿದೆ ಅಂತ ಹಿಡಿದರು. ಅಲ್ಲೇ ನಿಂತರು. ಆ ಜಾಗಕ್ಕೆ ಬಂದಾಗ ವೇಗ ಇಳಿಸಿದರು. ಅದು ಮತ್ತೆ ತಲೆ ಎತ್ತದ ಹಾಗೆ ಆಗುವವರೆಗೆ ಮುಂದೆ ಹೋಗಲಿಲ್ಲ. ಉಳಿದವರಲ್ಲಿ ತಪ್ಪು ಬರುತ್ತಿತ್ತು, ಹೋಗುತ್ತಿತ್ತು, ಮತ್ತೆ ಬರುತ್ತಿತ್ತು.

ನಾನು ಮನೆಯಲ್ಲಿ ಮಾಡುತ್ತಿದ್ದದ್ದು ನೆನಪಾಯಿತು. ಎಡವಿದ ಕೂಡಲೇ ವರ್ಣದ ಮೊದಲಿಗೆ ಹೋಗುವುದು. ಬರುವ ಭಾಗವನ್ನೆಲ್ಲ ಚೆನ್ನಾಗಿ ನುಡಿಸುತ್ತಾ ಬಂದು, ಅದೇ ಜಾಗದಲ್ಲಿ ಮತ್ತೆ ಎಡವುವುದು. ಕೊನೆಗೆ ಒಂದು ಸಲ ಹೇಗೋ ಸರಿಯಾಗಿ ಬಂದರೆ ‘ಆಯ್ತು’ ಅಂತ ಪೆಟ್ಟಿಗೆ ಮುಚ್ಚುವುದು. ಹತ್ತು ಸಲ ತಪ್ಪಾಗಿ, ಒಂದು ಸಲ ಸರಿಯಾಗಿ. ಬೆರಳಿಗೆ ಯಾವುದು ಜಾಸ್ತಿ ರೂಢಿಯಾಗುತ್ತದೆ ಹೇಳಿ.

ಆದರೆ ತಪ್ಪನ್ನು ಹಿಡಿಯಬೇಕಾದರೆ ಅದು ಮೊದಲು ಕೇಳಿಸಬೇಕು. ಇಲ್ಲಿ ಕಿವಿಯ ವಿಷಯ ಬರುತ್ತದೆ. ಎರಡು ನಾದಗಳ ನಡುವೆ ಎಷ್ಟು ಸಣ್ಣ ಶ್ರುತಿ ವ್ಯತ್ಯಾಸವನ್ನು ಗುರುತಿಸಬಲ್ಲರು ಅಂತ ಸಂಗೀತಗಾರರನ್ನೂ ಸಂಗೀತ ಕಲಿಯದವರನ್ನೂ ಪರೀಕ್ಷಿಸಿದ ಅಧ್ಯಯನವೊಂದು 2006ರಲ್ಲಿ ಬಂತು. ಸಂಗೀತಗಾರರು ಆರು ಪಟ್ಟಿಗೂ ಹೆಚ್ಚು ಸೂಕ್ಷ್ಮವಾಗಿದ್ದರು. ಅದರಲ್ಲಿ ಆಶ್ಚರ್ಯ ಏನಿಲ್ಲ. ಆಶ್ಚರ್ಯ ಇದ್ದದ್ದು ಮುಂದೆ. ಸಂಗೀತವೇ ಗೊತ್ತಿಲ್ಲದವರಿಗೆ ಬರೀ ಆ ಒಂದು ಪರೀಕ್ಷೆಯ ತರಬೇತಿ ಕೊಟ್ಟಾಗ, ನಾಲ್ಕರಿಂದ ಎಂಟು ಗಂಟೆಯೊಳಗೆ ಅವರು ಸಂಗೀತಗಾರರ ಮಟ್ಟ ಮುಟ್ಟಿದರು! ನಲವತ್ತು ದಾಟಿದ ನನ್ನಂಥವನಿಗೆ ಇದಕ್ಕಿಂತ ಒಳ್ಳೆಯ ಸುದ್ದಿ ಬೇರೆ ಯಾವುದಿದೆ? ಪ್ರಯೋಗಾಲಯದ ನಾದ ಬೇರೆ, ಓಡುವ ವರ್ಣದ ಮಧ್ಯೆ ಕೇಳಿಸಿಕೊಳ್ಳುವುದು ಬೇರೆ ಅನ್ನೋದು ನಿಜ. ಆದರೂ ಕಿವಿ ಕಲಿಯುತ್ತದೆ, ಅದೂ ಬೇಗ ಕಲಿಯುತ್ತದೆ.

ನುರಿತವರ ಮಿದುಳು ತಪ್ಪನ್ನು ಎಷ್ಟು ಬೇಗ ಹಿಡಿಯುತ್ತದೆ ಅಂತ ಓದಿದಾಗ ರೋಮಾಂಚನವಾಯಿತು. ಪಿಯಾನೋ ವಾದಕರ ತಲೆಗೆ ವಿದ್ಯುದ್ವಾರಗಳನ್ನು ಅಂಟಿಸಿ ನುಡಿಸಲು ಹೇಳಿದ್ದಾರೆ. ತಪ್ಪು ಸ್ವರ ಹೊರಡುವ ಸುಮಾರು 70 ಮಿಲಿಸೆಕೆಂಡ್ ಮೊದಲೇ ಮಿದುಳಿನಲ್ಲಿ ‘ಇದು ಸರಿಯಿಲ್ಲ’ ಅನ್ನುವ ಸಂಕೇತ ಎದ್ದಿರುತ್ತದೆ. ಬೆರಳನ್ನು ತಡೆಯುವಷ್ಟು ಸಮಯ ಇರುವುದಿಲ್ಲ. ಆದರೂ ಆ ತಪ್ಪು ಮಣೆಯನ್ನು ಒತ್ತುವಾಗ ಬೆರಳು ಸ್ವಲ್ಪ ಮೆತ್ತಗಾಗಿರುತ್ತದೆ. ಕೇಳುಗರಿಗೆ ಗೊತ್ತೇ ಆಗದ ಹಾಗೆ ತಪ್ಪು ಮುಚ್ಚಿಹೋಗುವುದು ಹೀಗೂ ಇರಬಹುದು.

ಮಿದುಳಿನಲ್ಲಿ ಬೆರಳಿಗೆ ಮೀಸಲಾದ ಜಾಗವೂ ಬದಲಾಗುತ್ತದೆ. 1995ರಲ್ಲಿ ತಂತಿವಾದ್ಯ ನುಡಿಸುವ ಒಂಬತ್ತು ಜನರನ್ನು ಪರೀಕ್ಷಿಸಿದಾಗ, ಎಡಗೈ ಬೆರಳುಗಳ ಸ್ಪರ್ಶಕ್ಕೆ ಸ್ಪಂದಿಸುವ ಭಾಗ ಬೇರೆಯವರಿಗಿಂತ ಹಿಗ್ಗಿತ್ತು. ಚಿಕ್ಕಂದಿನಲ್ಲೇ ಶುರು ಮಾಡಿದವರಲ್ಲಿ ಇನ್ನೂ ಜಾಸ್ತಿ. ಇದಕ್ಕೆ ಬೆಲೆಯೂ ಇದೆ. ವೃತ್ತಿಪರ ಸಂಗೀತಗಾರರಲ್ಲಿ ನೂರಕ್ಕೆ ಸುಮಾರು ಒಬ್ಬರಿಗೆ, ನುಡಿಸುವಾಗ ಮಾತ್ರ ಬೆರಳು ತಾನಾಗಿ ಮಡಚಿಕೊಳ್ಳುವ ಕಾಯಿಲೆ ಬರುತ್ತದೆ. ನೋವಿರುವುದಿಲ್ಲ, ಆದರೆ ಬೆರಳು ಮಾತು ಕೇಳುವುದಿಲ್ಲ. ಎಷ್ಟೋ ಜನರ ಜೀವನವೇ ಅಲ್ಲಿಗೆ ತಿರುಗಿಹೋಗುತ್ತದೆ.

ಕಸುಬು ಕೈಗೆ ಹತ್ತಿದ ಮೇಲೆ ಗಮನ ಎಲ್ಲಿ ಇರುತ್ತದೆ ಅನ್ನೋದನ್ನು ನೋಡಲು ನಮ್ಮ ಮಲೆನಾಡಿನವರು ದೂರ ಹೋಗಬೇಕಿಲ್ಲ, ಒಂದು ಯಕ್ಷಗಾನದ ಆಟಕ್ಕೆ ಹೋದರೆ ಸಾಕು. ಯಕ್ಷಗಾನದಲ್ಲಿ ವೃತ್ತಿಮೇಳ, ಹವ್ಯಾಸಿ ತಂಡ ಅನ್ನುವ ಮಾತು ಮೊದಲಿನಿಂದಲೂ ಇದೆ. ದೀಪಾವಳಿ ಕಳೆದು ತಿರುಗಾಟ ಶುರುವಾದರೆ ಮಳೆಗಾಲ ಬರುವವರೆಗೆ ಮೇಳದ ಭಾಗವತರಿಗೆ ಹೆಚ್ಚುಕಡಿಮೆ ದಿನಾ ರಾತ್ರಿ ಪದ್ಯ. ಹೋದ ವರ್ಷ ಸಾಗರದ ಹತ್ತಿರ ಒಂದು ಆಟದಲ್ಲಿ ನಾನು ರಂಗಸ್ಥಳದ ಪಕ್ಕದಲ್ಲೇ ಕೂತಿದ್ದೆ. ವೇಷಧಾರಿ ಕುಣಿತದಲ್ಲಿ ಒಂದು ಸುತ್ತು ಹೆಚ್ಚಿಗೆ ಎಳೆದ. ಭಾಗವತರ ಕಣ್ಣು ಅವನ ಕಾಲ ಮೇಲೇ ಇತ್ತು. ಪದ್ಯದ ಸಾಲನ್ನು ಇನ್ನೊಂದು ಸಲ ಎತ್ತಿಕೊಂಡರು, ಮದ್ದಳೆಯವರ ಕಡೆ ತಲೆಯನ್ನು ಒಂಚೂರು ತಿರುಗಿಸಿದರು, ಚಂಡೆ ಸರಿಯಾಗಿ ಅವನ ಹೆಜ್ಜೆಗೆ ಬಂದು ಕೂತಿತು. ಸಭೆಯಲ್ಲಿ ಯಾರಿಗೂ ಗೊತ್ತಾಗಲಿಲ್ಲ. ತನ್ನ ರಾಗ, ತಾಳದ ಮೇಲೆ ನಿಗಾ ಇಡುವ ಕೆಲಸ ಮುಗಿದುಹೋಗಿರುವುದರಿಂದ ಅವರಿಗೆ ಬೇರೆಯವರನ್ನು ನೋಡಲು ಪುರುಸೊತ್ತು ಸಿಗುತ್ತದೆ. ನಮ್ಮಂಥವರಿಗೆ ನಮ್ಮ ಬೆರಳು ನೋಡಿಕೊಳ್ಳುವುದರಲ್ಲೇ ಎಲ್ಲ ಗಮನ ಖರ್ಚಾಗಿರುತ್ತದೆ.

ಆ ಭಾನುವಾರ ಪಾಠ ಮುಗಿದ ಮೇಲೆ ಮೇಷ್ಟ್ರನ್ನು ಕೇಳಿಯೇಬಿಟ್ಟೆ. ‘ಆ ನಾಲ್ಕು ಸ್ವರದಲ್ಲಿ ನಿಮಗೆ ಏನು ಸರಿ ಇರಲಿಲ್ಲ?’ ಅವರು ಪಿಟೀಲು ಒರೆಸುತ್ತಾ, ‘ನೀನು ನುಡಿಸಿದ್ದನ್ನ ಫೋನಲ್ಲಿ ಹಿಡ್ಕೊಂಡು ಕೇಳು ಮಾರಾಯ, ಗೊತ್ತಾಗತ್ತೆ’ ಅಂದರು.

ಮನೆಗೆ ಬಂದು ಹಾಗೇ ಮಾಡಿದೆ. ವೇಗ ಕಡಿಮೆ ಮಾಡಿ ಕೇಳಿದೆ. ಇಷ್ಟು ವರ್ಷ ನಾನು ಗ ಸರಿಯಿಲ್ಲ ಅಂದುಕೊಂಡು ಗ ಮೇಲೇ ಗುದ್ದಾಡುತ್ತಿದ್ದೆ. ಗ ಸರಿಯಾಗಿಯೇ ಇತ್ತು. ಮುಂದಿನ ತಂತಿಗೆ ಹೋಗುವ ಆತುರದಲ್ಲಿ ಕಮಾನು ಪ ಸ್ವರವನ್ನು ಅರ್ಧಕ್ಕೇ ಬಿಡುತ್ತಿತ್ತು. ಅದರಿಂದ ಗ ಎಡವಿದ ಹಾಗೆ ಕೇಳಿಸುತ್ತಿತ್ತು. ಆ ವಾರ ವರ್ಣದ ಬೇರೆ ಯಾವ ಭಾಗವನ್ನೂ ಮುಟ್ಟಲಿಲ್ಲ. ಬ್ಯಾಂಕಿನಿಂದ ಬಂದು ದಿನಾ ಅರ್ಧ ಗಂಟೆ, ಬೆರಳಿಲ್ಲದೆ ಬರೀ ಕಮಾನು, ಎರಡು ತಂತಿ.

ಮುಂದಿನ ಭಾನುವಾರ ಜಗಲಿಯಲ್ಲಿ ಕಾಯಲಿಲ್ಲ, ನೇರ ಒಳಗೆ ಹೋಗಿ ಕೂತೆ. ಎರಡನೇ ಕಾಲದಲ್ಲಿ ಆ ಜಾಗ ದಾಟಿದೆ. ಮೇಷ್ಟ್ರು ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದರು.

‘ಪ ಪೂರ್ತಿ ಬಂತು,’ ಅಂದರು. ‘ಈಗ ರಿ ಕೇಳಿಸ್ಕೋ.’