ಇಂಗ್ಲಿಷ್ ಕಲಿತ ಮೇಲೆ ಪೈಥಾನ್ ಶುರು ಮಾಡಬೇಕಾ?

ಪ್ರಶ್ನೆ: ನಾನು ಓದಿದ್ದು ಕನ್ನಡ ಮೀಡಿಯಂ. ಊರು ಜಗಳೂರಿನ ಹತ್ತಿರ. ಈಗ ದಾವಣಗೆರೆಯಲ್ಲಿ ಡಿಗ್ರಿ ಮೊದಲ ವರ್ಷ. ಕಂಪ್ಯೂಟರ್ ಪ್ರೋಗ್ರಾಮ್ ಬರೆಯುವ ಪೈಥಾನ್ ಭಾಷೆ ಕಲಿಯಬೇಕು ಅಂತ ಆಸೆ. ಮೊದಲು ಸ್ಪೋಕನ್ ಇಂಗ್ಲಿಷ್ ಕ್ಲಾಸಿಗೆ ಸೇರಿ, ಆಮೇಲೆ ಶುರು ಮಾಡಲಾ ಸರ್?

ಬೇಡ. ಇವತ್ತು ಸಂಜೆಯೇ ಶುರು ಮಾಡಿ.

ಈ ಉತ್ತರವನ್ನು ಎಷ್ಟು ಸಲ ಹೇಳಿದ್ದೇನೋ ನನಗೇ ಲೆಕ್ಕವಿಲ್ಲ. ಸಂಜೆ ಬ್ಯಾಚಿನ ಮಕ್ಕಳು ಕೇಳುತ್ತಾರೆ. ಅವರ ಅಪ್ಪಂದಿರು ಫೋನ್ ಮಾಡಿ ಕೇಳುತ್ತಾರೆ. ಹರಿಹರದಿಂದ ಬರುತ್ತಿದ್ದ ಒಬ್ಬ ಹುಡುಗ ಇಂಗ್ಲಿಷ್ ಕ್ಲಾಸಿಗೆ ಅಂತ ಆರು ತಿಂಗಳು ನಿಲ್ಲಿಸಿದ. ಆಮೇಲೆ ಬಂದು, "ಇನ್ನೂ ಸರಿಯಾಗಿ ಬಂದಿಲ್ಲ ಸರ್, ಇನ್ನಾರು ತಿಂಗಳು ಬಿಟ್ಟು ಬರ್ತೀನಿ" ಅಂದ. ಒಳ್ಳೆ ತಲೆ ಇದ್ದ ಹುಡುಗ. ಒಂದು ವರ್ಷ ಸುಮ್ನೆ ಹೋಯಿತು. ಅದಕ್ಕೇ ಈ ಸಲ ಸ್ವಲ್ಪ ಬಿಡಿಸಿ ಬರೆಯುತ್ತೇನೆ.

ಕೀವರ್ಡ್ ಅಂದರೆ ಭಾಷೆ ತನಗೇ ಅಂತ ಇಟ್ಟುಕೊಂಡ ಪದ. ಪೈಥಾನಿನ 3.12 ಆವೃತ್ತಿಯಲ್ಲಿ ಇರುವ ಕೀವರ್ಡ್‌ಗಳು ಒಟ್ಟು 35. ಮೊದಲ ತಿಂಗಳಿಗೆ ಅದರಲ್ಲಿ ಅರ್ಧ ಸಾಕು. ಇಫ್, ಎಲ್ಸ್, ಎಲಿಫ್, ಫಾರ್, ವೈಲ್, ಡೆಫ್, ರಿಟರ್ನ್, ಇಂಥವು. ಇದರಲ್ಲಿ ಎಲಿಫ್ ಮತ್ತು ಡೆಫ್ ನೋಡಿ. ಇವನ್ನು ಯಾರೂ ಇಂಗ್ಲಿಷ್ ಮಾತಿನಲ್ಲಿ ಹೀಗೆ ಬಳಸುವುದಿಲ್ಲ. ಎಲ್ಸ್ ಮತ್ತು ಇಫ್ ಸೇರಿಸಿ ಒಂದು, ಡಿಫೈನ್ ಅನ್ನುವುದನ್ನು ಮೊಟಕು ಮಾಡಿ ಇನ್ನೊಂದು. ಫಾರ್ ಅನ್ನುವ ಪದ ಇಂಗ್ಲಿಷಿನಲ್ಲಿ ಇದೆ, ಸರಿ. ಆದರೆ ಅಲ್ಲಿ ಅದಕ್ಕೆ "ಒಂದೊಂದಾಗಿ ತಗೊಂಡು ಇದೇ ಕೆಲಸ ಮತ್ತೆ ಮಾಡು" ಅನ್ನುವ ಅರ್ಥ ಎಲ್ಲಿದೆ? ಕಾನ್ವೆಂಟಿನಲ್ಲಿ ಓದಿದವರೂ ಇದನ್ನು ಹೊಸದಾಗಿಯೇ ಕಲಿಯಬೇಕು. ಮೊದಲ ದಿನ ಅವರೂ ನೀವೂ ಒಂದೇ ಬೆಂಚಿನಲ್ಲಿ ಕೂತಿರುತ್ತೀರಿ.

ಇನ್ನೊಂದು ವಿಷಯ. ಪೈಥಾನ್ ಮಾಡಿದ ಗೀಡೋ ವಾನ್ ರಾಸಮ್ ಮನೆಮಾತು ಡಚ್. 1991ರಲ್ಲಿ ಅದು ಮೊದಲು ಹೊರಬಂತು. ಬೇರೆ ಪ್ರೋಗ್ರಾಮಿಂಗ್ ಭಾಷೆಗಳೂ ಹಾಗೇ. ರೂಬಿ ಮಾಡಿದವರು ಜಪಾನಿನವರು. ಸಿ ಪ್ಲಸ್ ಪ್ಲಸ್ ಮಾಡಿದವರು ಡೆನ್ಮಾರ್ಕಿನವರು. ಲುವಾ ಹುಟ್ಟಿದ್ದು ಬ್ರೆಜಿಲ್‌ನಲ್ಲಿ, 1993ರಲ್ಲಿ. ಅದರ ಹೆಸರೇ ಪೋರ್ಚುಗೀಸ್, ಅಂದರೆ ಚಂದ್ರ. ಇವರ್‍ಯಾರ ಮನೆಯಲ್ಲೂ ಇಂಗ್ಲಿಷ್ ತಾಯಿನುಡಿ ಅಲ್ಲ.

ಹಾಗಾದರೆ ಕಷ್ಟ ಎಲ್ಲಿದೆ? ನಮ್ಮ ಎಪಿಎಂಸಿಯನ್ನೇ ತಗೊಳ್ಳಿ. ಮೂವತ್ತು ಚೀಲ ಮೆಕ್ಕೆಜೋಳ ಬಂದಿದೆ. ಒಂದೊಂದೇ ಚೀಲ ತೂಗಬೇಕು, ಒಟ್ಟು ತೂಕಕ್ಕೆ ಸೇರಿಸುತ್ತಾ ಹೋಗಬೇಕು. ತೇವಾಂಶ ಶೇಕಡಾ 14ಕ್ಕಿಂತ ಜಾಸ್ತಿ ಇದ್ದರೆ ದರ ಇಳಿಸಬೇಕು, ಇಲ್ಲದಿದ್ದರೆ ಪೂರ್ತಿ ದರ ಅಂತ ಇಟ್ಟುಕೊಳ್ಳಿ. ಒಂದೊಂದೇ ಚೀಲ ಅಂದರೆ ಫಾರ್. ಇದ್ದರೆ, ಇಲ್ಲದಿದ್ದರೆ ಅಂದರೆ ಇಫ್, ಎಲ್ಸ್. ಒಟ್ಟು ತೂಕ ಬರೆದಿಡುವ ಜಾಗ ವೇರಿಯಬಲ್. ನೀವು ಅಪ್ಪನ ಜೊತೆ ಹೋಗಿ ಇದನ್ನೆಲ್ಲ ಕಣ್ಣಾರೆ ನೋಡಿದ್ದೀರಿ, ಅಲ್ವಾ?

ಇದೇ ಲೆಕ್ಕವನ್ನು ಬ್ಯಾಚಿಗೆ ಕೊಟ್ಟಾಗ ಆಗುವ ತಪ್ಪು ಒಂದೇ. "ಒಟ್ಟು ಸೊನ್ನೆ" ಅನ್ನುವ ಸಾಲನ್ನು ಲೂಪಿನ (ಫಾರ್ ಮತ್ತೆ ಮತ್ತೆ ಮಾಡಿಸುವ ಸಾಲುಗಳ) ಒಳಗೆ ಬರೆದುಬಿಡುತ್ತಾರೆ. ಪ್ರತಿ ಚೀಲಕ್ಕೂ ಒಟ್ಟು ಮತ್ತೆ ಸೊನ್ನೆಯಾಗುತ್ತದೆ. ಕೊನೆಗೆ ಉಳಿಯುವುದು ಕೊನೇ ಚೀಲದ ತೂಕ ಮಾತ್ರ. ಈ ತಪ್ಪನ್ನು ಚೆನ್ನಾಗಿ ಇಂಗ್ಲಿಷ್ ಮಾತಾಡುವವರೂ ಮಾಡುತ್ತಾರೆ. ಕಳೆದ ಬ್ಯಾಚಿನಲ್ಲಿ ಇದನ್ನು ಮೊದಲು ಹಿಡಿದದ್ದು ಚನ್ನಗಿರಿ ಕಡೆಯ ಹುಡುಗಿ. "ಸರ್, ಪ್ರತಿ ಸಲ ಸ್ಲೇಟು ಒರೆಸಿದ ಹಾಗಾಯ್ತು" ಅಂದಳು. ಇದಕ್ಕಿಂತ ಚೆನ್ನಾಗಿ ನನಗೂ ಹೇಳಲು ಬರುತ್ತಿರಲಿಲ್ಲ. ಆವತ್ತು ಮನೆಗೆ ಹೋಗುವವರೆಗೂ ನನಗೆ ಖುಷಿ.

ಇಂಗ್ಲಿಷ್ ಬೇಡವೇ ಬೇಡ ಅಂತ ನಾನು ಹೇಳುತ್ತಿಲ್ಲ. ಮುಂದೆ ಡಾಕ್ಯುಮೆಂಟೇಶನ್ ಓದಬೇಕು, ಇಂಟರ್‌ವ್ಯೂ ಇರುತ್ತದೆ. ಅದು ಜೊತೆಜೊತೆಗೆ ಬರಲಿ. ಮೊದಲಿಗೆ ಬೇಕಾದದ್ದು ಎರರ್, ಅಂದರೆ ಕೋಡ್ ತಪ್ಪಾದಾಗ ಬರುವ ಸಂದೇಶ, ಓದುವಷ್ಟು. ಕೆಂಪು ಅಕ್ಷರ ಕಂಡ ಕೂಡಲೇ ಕಿಟಕಿ ಮುಚ್ಚಬೇಡಿ. ಮೊದಲು ಕೊನೇ ಸಾಲು ಓದಿ, ಆಮೇಲೆ ಸಾಲಿನ ನಂಬರ್ ನೋಡಿ. ನೇಮ್ ಎರರ್ ಅಂದರೆ "ಈ ಹೆಸರು ನನಗೆ ಗೊತ್ತಿಲ್ಲ". ಪ್ರಿಂಟ್‌ನ ಮೊದಲ ಅಕ್ಷರ ದೊಡ್ಡದಾಗಿ ಹೊಡೆದರೂ ಇದೇ ಬರುತ್ತದೆ. ಇಂಡೆಂಟೇಶನ್ ಎರರ್ ಅಂದರೆ ಸಾಲಿನ ಮುಂದೆ ಬಿಟ್ಟ ಜಾಗ ಸರಿಯಿಲ್ಲ. ಇಂಥ ಏಳೆಂಟು ಎರರ್ ಪರಿಚಯವಾದರೆ ಮೊದಲ ಮೂರು ತಿಂಗಳು ನಡೆಯುತ್ತದೆ.

ಸಿ ಭಾಷೆ ಮೊದಲಾ, ಪೈಥಾನ್ ಮೊದಲಾ ಅಂತಲೂ ಕೆಲವರು ಕೇಳುತ್ತಾರೆ. ಕಾಲೇಜಿನಲ್ಲಿ ಸಿ ಇದ್ದರೆ ಸಿ. ಇಲ್ಲದಿದ್ದರೆ ಪೈಥಾನ್.

ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಪೈಥಾನ್ 3ರಲ್ಲಿ ವೇರಿಯಬಲ್ ಹೆಸರನ್ನು ಕನ್ನಡದಲ್ಲೇ ಇಡಬಹುದು. ತೂಕ, ದರ, ಒಟ್ಟು ಅಂತ ಬರೆದರೆ ಅದು ಓಡುತ್ತದೆ. ಕೀವರ್ಡ್ ಮಾತ್ರ ಇಂಗ್ಲಿಷಿನಲ್ಲೇ ಇರಬೇಕು. ಕೋಡಿನಲ್ಲಿ ನೇರವಾಗಿ ೬೦ ಅಂತ ಬರೆದರೆ ಎರರ್ ಕೊಡುತ್ತದೆ. ಆದರೆ ಬಳಸುವವರು ಇನ್‌ಪುಟ್‌ನಲ್ಲಿ ೬೦ ಅಂತ ಹೊಡೆದರೆ, ಹೊಡೆದದ್ದನ್ನು ಸಂಖ್ಯೆಯಾಗಿ ಬದಲಿಸುವ ಇಂಟ್ ಫಂಕ್ಷನ್ ಅದನ್ನು 60 ಅಂತಲೇ ತಿಳಿದುಕೊಳ್ಳುತ್ತದೆ. ಮೊದಲ ಸಲ ಇದನ್ನು ಮಾಡಿ ನೋಡಿದಾಗ ನಾನು ನಾಲ್ಕೈದು ಸಲ ಮತ್ತೆ ಮತ್ತೆ ರನ್ ಮಾಡಿದೆ.

ಕೆಲಸದ ಜಾಗದಲ್ಲಿ ಬೇರೆಯವರೂ ನಿಮ್ಮ ಕೋಡ್ ಓದಬೇಕು, ಅಲ್ಲಿ ಇಂಗ್ಲಿಷ್ ಹೆಸರೇ ಇಡಿ. ಕಲಿಯುವಾಗ ಕನ್ನಡದಲ್ಲಿ ಇಟ್ಟರೆ ಒಂದು ದೊಡ್ಡ ಲಾಭ ಇದೆ: ಯಾವುದು ಭಾಷೆಯ ಕೀವರ್ಡ್, ಯಾವುದು ನಾವು ಇಟ್ಟ ಹೆಸರು ಅನ್ನುವುದು ಕಣ್ಣಿಗೇ ಕಾಣುತ್ತದೆ. ಒಂದೇ ಎಚ್ಚರಿಕೆ. ಮಾರ್ಕ್‌ಶೀಟ್ ಅಂತ ಬರೆಯುವಾಗ ಕ ಮತ್ತು ಶ ಒತ್ತಾಗಿ ಅಂಟಿಕೊಳ್ಳದಿರಲಿ ಅಂತ ನಡುವೆ ಕಣ್ಣಿಗೆ ಕಾಣದ ಒಂದು ಅಕ್ಷರ ಕೂರುತ್ತದೆ. ವೇರಿಯಬಲ್ ಹೆಸರಿನಲ್ಲಿ ಪೈಥಾನ್ ಅದನ್ನು ಒಪ್ಪುವುದಿಲ್ಲ. ಅಂಥ ಕಡೆ ನಡುವೆ ಅಂಡರ್‌ಸ್ಕೋರ್ ಹಾಕಿ, ಮಾರ್ಕ್_ಶೀಟ್ ಅಂತ ಬರೆಯಿರಿ.