ಹುಷಾರಾಯಿತು ಎಂದು ಮಾತ್ರೆ ಬಿಟ್ಟವರು

"ಮೈ ಹಗುರ ಆಯ್ತು ಡಾಕ್ಟ್ರೇ, ಅದಕ್ಕೇ ಮಾತ್ರೆ ಬಿಟ್ಟೆ."

ಕುರ್ಚಿಯಿಂದ ಏಳಲೂ ಆಗದಷ್ಟು ಸುಸ್ತಾಗಿದ್ದರು ಆಕೆ. ಸಂಧಿವಾತಕ್ಕೆಂದು ನಾಲ್ಕು ತಿಂಗಳಿಂದ ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ಮಾತ್ರೆ ನುಂಗುತ್ತಿದ್ದವರು. ಬಿಟ್ಟು ಐದು ದಿನವಾಗಿತ್ತು. ವಾಂತಿ, ನಿಂತರೆ ತಲೆಸುತ್ತು. ಬಿಪಿ ತೀರಾ ಕಡಿಮೆ.

ಮೂತ್ರಪಿಂಡಗಳ ಮೇಲೆ ಟೋಪಿ ಇಟ್ಟ ಹಾಗೆ ಅಡ್ರಿನಲ್ ಎಂಬ ಎರಡು ಪುಟ್ಟ ಗ್ರಂಥಿಗಳಿವೆ. ದಿನಾ ಕಾರ್ಟಿಸಾಲ್ ಎಂಬ ಹಾರ್ಮೋನ್ ತಯಾರಿಸುವುದು ಅವುಗಳ ಕೆಲಸ. ಪ್ರೆಡ್ನಿಸೊಲೋನ್ ಮಾಡುವುದೂ ಅದರದೇ ಕೆಲಸ. ಒಂದು ದಿನದ ಕಾರ್ಟಿಸಾಲ್ ಹೆಚ್ಚುಕಡಿಮೆ 5 ಮಿಲಿಗ್ರಾಂ ಪ್ರೆಡ್ನಿಸೊಲೋನ್‌ಗೆ ಸಮ. ಮಾತ್ರೆಯಲ್ಲೇ ಬೇಕಾದಷ್ಟು ಸಿಗುತ್ತಿದ್ದರೆ ಗ್ರಂಥಿಗಳು ಸುಮ್ನೆ ಮಲಗಿಬಿಡುತ್ತವೆ. ಮೂರ್ನಾಲ್ಕು ವಾರಕ್ಕಿಂತ ಜಾಸ್ತಿ ತೆಗೆದುಕೊಂಡು ದಿಢೀರನೆ ನಿಲ್ಲಿಸಿದರೆ, ಅವು ಎದ್ದು ಕೆಲಸ ಶುರು ಮಾಡುವಷ್ಟರಲ್ಲಿ ಮೈ ಕೈಕೊಟ್ಟಿರುತ್ತದೆ. ಅದಕ್ಕೇ ಡೋಸನ್ನು ಸ್ವಲ್ಪ ಸ್ವಲ್ಪವಾಗಿ ಇಳಿಸುವುದು. ಚೀಟಿಯಲ್ಲಿ ಬರೆದುಕೊಟ್ಟರೂ ಬಾಯಿಬಿಟ್ಟು ಹೇಳದಿರುವುದು ನಮ್ಮ ಡಾಕ್ಟರ್‌ಗಳ ತಪ್ಪೂ ಹೌದು.

ಹಾಗಂತ "ಸ್ಟೀರಾಯ್ಡಾ? ಬೇಡಪ್ಪಾ" ಅನ್ನುವುದೂ ಸರಿಯಲ್ಲ. ಜಿಮ್‌ನವರು ಚುಚ್ಚಿಕೊಳ್ಳುವ ಸ್ಟೀರಾಯ್ಡ್ ಬೇರೆ, ಇದು ಬೇರೆ. ಆಸ್ತಮಾ ಜೋರಾದಾಗ ಐದು ದಿನ ಕೊಡುವ ಮಾತ್ರೆ ಜೀವ ಉಳಿಸುತ್ತದೆ, ಆಮೇಲೆ ಸಾಮಾನ್ಯವಾಗಿ ಹಾಗೇ ನಿಲ್ಲಿಸಬಹುದು. 2020ರಲ್ಲಿ ಕೋವಿಡ್‌ಗೆ ಡೆಕ್ಸಾಮೆಥಾಸೋನ್ ಎಂಬ ಇದೇ ಜಾತಿಯ ಸ್ಟೀರಾಯ್ಡ್ ಕೊಟ್ಟಿದ್ದು ನೆನಪಿದೆಯಲ್ವಾ? ಆಕ್ಸಿಜನ್ ಬೇಕಾದವರಲ್ಲಿ ಅದು ಸಾವು ತಗ್ಗಿಸಿತು. ಆಕ್ಸಿಜನ್ ಬೇಡದವರಿಗೆ ಲಾಭವೇನೂ ಆಗಲಿಲ್ಲ.

ತೊಂದರೆ ಬರುವುದು ತಿಂಗಳುಗಟ್ಟಲೆ ನುಂಗಿದಾಗ. ಮುಖ ಊದುತ್ತದೆ, ಶುಗರ್ ಏರುತ್ತದೆ, ಮೂಳೆ ಸವೆಯುತ್ತದೆ, ಕಣ್ಣಿಗೆ ಪೊರೆ ಬರುತ್ತದೆ, ಸೋಂಕು ಬೇಗ ಅಂಟುತ್ತದೆ. ನನಗೆ ಹೆಚ್ಚು ಭಯ ಹಳೇ ಚೀಟಿಯದ್ದು. ಮಂಡಿನೋವಿಗೆ ಒಮ್ಮೆ ಬರೆದದ್ದನ್ನು ವರ್ಷಗಟ್ಟಲೆ ತಾವೇ ಕೊಂಡು ನುಂಗುವವರಿದ್ದಾರೆ. ಅದು ಸ್ಟೀರಾಯ್ಡ್ ಎಂದೇ ಅವರಿಗೆ ಗೊತ್ತಿರುವುದಿಲ್ಲ.

ದಿನಕ್ಕೊಂದೇ ಡೋಸ್ ಇದ್ದರೆ ಬೆಳಿಗ್ಗೆ, ತಿಂದ ಮೇಲೆ ತೆಗೆದುಕೊಳ್ಳಿ. ರಾತ್ರಿ ನುಂಗಿದರೆ ನಿದ್ದೆ ಹಾರಿಹೋಗಬಹುದು. ಸ್ಟೀರಾಯ್ಡ್ ಇನ್‌ಹೇಲರ್ ಎಳೆದ ಮೇಲೆ ಬಾಯಿ ಮುಕ್ಕಳಿಸಿ ಉಗಿಯಿರಿ, ಇಲ್ಲದಿದ್ದರೆ ಬಾಯಲ್ಲಿ ಫಂಗಸ್ ಬೆಳೆಯಬಹುದು.

ಮಾತ್ರೆ ಬಿಟ್ಟು ಬಂದ ಆಕೆಗೆ ಹೈಡ್ರೊಕಾರ್ಟಿಸೋನ್, ಅಂದರೆ ಔಷಧದ ರೂಪದ ಕಾರ್ಟಿಸಾಲ್, ಇಂಜೆಕ್ಷನ್ ಕೊಟ್ಟೆವು. ಮಾರನೇ ದಿನ ಎದ್ದು ಕೂತಿದ್ದರು. ಈಗ ಅವರ ಪರ್ಸಿನಲ್ಲಿ ಒಂದು ಚೀಟಿ ಇದೆ: "ನಾನು ಸ್ಟೀರಾಯ್ಡ್ ತೆಗೆದುಕೊಳ್ಳುತ್ತಿದ್ದೇನೆ." ಜೋರು ಜ್ವರ ಬಂದರೆ, ಆಪರೇಷನ್ ಆಗಬೇಕಾದರೆ ಡೋಸ್ ಏರಿಸಬೇಕಾಗುತ್ತದೆ. ಪ್ರಜ್ಞೆ ತಪ್ಪಿದಾಗ ಅದನ್ನು ಹೇಳಲು ಅವರಿಗೆ ಆಗುವುದಿಲ್ಲವಲ್ಲ.