ಚಿಮಣಿ ನಿಂತಿರುವುದೆಲ್ಲಿ? ಬ್ರಿಟನ್ನಿನ ನೆಲ, ಕಡಲು ಮತ್ತು ಐದು ನಿಯಂತ್ರಕರು

ಬ್ರಿಟನ್ನಿನಲ್ಲಿ ಯಾವ ಘಟಕದ ಇಂಗಾಲದ ಹೊಗೆಯನ್ನು ಯಾವ ನಿಯಂತ್ರಕ ಸಂಸ್ಥೆ ನೋಡಿಕೊಳ್ಳುತ್ತದೆ ಅನ್ನುವುದು ಈ ಪಾಠ. ಇದರಲ್ಲಿ ನಾನು ಮೊದಲು ಎಡವಿದ್ದು ಒಂದು ಅಭ್ಯಾಸ ಪ್ರಶ್ನೆಯಲ್ಲಿ. ಕಂಪನಿಯ ಕಚೇರಿ ಲಂಡನ್ನಿನಲ್ಲಿದೆ. ಗ್ಯಾಸ್ ತೆಗೆಯುವ ಪ್ಲಾಟ್‌ಫಾರ್ಮ್ ಉತ್ತರ ಸಮುದ್ರದ ನಡುವೆ ಇದೆ. ಗ್ಯಾಸ್ ಬಂದು ಸೇರುವುದು ಸ್ಕಾಟ್ಲೆಂಡಿನ ಸೇಂಟ್ ಫರ್ಗಸ್‌ಗೆ. ಪ್ಲಾಟ್‌ಫಾರ್ಮಿನ ಇಂಗಾಲದ ಲೆಕ್ಕ ಯಾರಿಗೆ ಒಪ್ಪಿಸಬೇಕು? ನಾನು ಲಂಡನ್ ನೋಡಿ ಇಂಗ್ಲೆಂಡಿನ ಪರಿಸರ ನಿಯಂತ್ರಕ ಎನ್ವಿರಾನ್‌ಮೆಂಟ್ ಏಜೆನ್ಸಿ ಅಂತ ಬರೆದೆ. ಗೆಳೆಯ ಸೇಂಟ್ ಫರ್ಗಸ್ ನೋಡಿ ಸ್ಕಾಟ್ಲೆಂಡಿನ ಪರಿಸರ ನಿಯಂತ್ರಕ ಸೆಪಾ ಅಂದ. ಇಬ್ಬರದ್ದೂ ತಪ್ಪು. ಸರಿಯುತ್ತರ ಓಪ್ರೆಡ್, ಅಂದರೆ ಕಡಲಿನ ಎಣ್ಣೆ, ಗ್ಯಾಸ್ ಘಟಕಗಳ ಪರಿಸರ ನಿಯಂತ್ರಕ.

ಕಚೇರಿ ಎಲ್ಲಿದೆ, ಸರಕು ಎಲ್ಲಿಗೆ ಹೋಗುತ್ತದೆ ಅನ್ನುವುದು ಇಲ್ಲಿ ಲೆಕ್ಕಕ್ಕಿಲ್ಲ. ಹೊಗೆ ಬಿಡುವ ಘಟಕ ಎಲ್ಲಿ ನಿಂತಿದೆ ಅನ್ನುವುದಷ್ಟೇ ಪ್ರಶ್ನೆ.

ಈ ಲೆಕ್ಕ ಬೇಕಾಗುವುದು ಬ್ರಿಟನ್ನಿನ ಇಂಗಾಲ ವ್ಯಾಪಾರ ವ್ಯವಸ್ಥೆಗೆ: ಘಟಕಗಳು ತಾವು ಬಿಡುವ ಇಂಗಾಲದ ಲೆಕ್ಕ ಕೊಟ್ಟು, ಅಷ್ಟಕ್ಕೆ ಕೊಳ್ಳಲೂ ಮಾರಲೂ ಬರುವ ಅನುಮತಿ ಚೀಟಿ ಒಪ್ಪಿಸುವ ಏರ್ಪಾಡು ಇದು. ಇದು 2021ರ ಜನವರಿ 1ರಂದು ಶುರುವಾಯಿತು. ಇಂಧನ ಸುಡುವ ಘಟಕದ ಒಟ್ಟು ಉಷ್ಣ ಸಾಮರ್ಥ್ಯ 20 ಮೆಗಾವ್ಯಾಟ್ ದಾಟಿದರೆ ಅದು ಈ ವ್ಯವಸ್ಥೆಯೊಳಗೆ ಬರುತ್ತದೆ. ಕಡಲ ಪ್ಲಾಟ್‌ಫಾರ್ಮುಗಳು ತಮ್ಮ ಕರೆಂಟನ್ನು ಸಾಮಾನ್ಯವಾಗಿ ಗ್ಯಾಸ್ ಟರ್ಬೈನಿನಿಂದ ತಾವೇ ಮಾಡಿಕೊಳ್ಳುತ್ತವೆ. ಹಾಗಾಗಿ ಈ ಮಿತಿ ದಾಟುವುದು ದೊಡ್ಡ ಮಾತಲ್ಲ.

ನೆಲದ ಮೇಲೆ ನಾಲ್ಕು ಸಂಸ್ಥೆಗಳು: ಇಂಗ್ಲೆಂಡಿಗೆ ಎನ್ವಿರಾನ್‌ಮೆಂಟ್ ಏಜೆನ್ಸಿ, ಸ್ಕಾಟ್ಲೆಂಡಿಗೆ ಸೆಪಾ, ವೇಲ್ಸ್‌ಗೆ ನ್ಯಾಚುರಲ್ ರಿಸೋರ್ಸಸ್ ವೇಲ್ಸ್, ಉತ್ತರ ಐರ್ಲೆಂಡಿಗೆ ಅಲ್ಲಿನ ಪರಿಸರ ಏಜೆನ್ಸಿ. ಹಳೇ ಪುಸ್ತಕ ಓದುವವರು ಹುಷಾರು: 2013ರವರೆಗೆ ವೇಲ್ಸ್ ಕೂಡ ಎನ್ವಿರಾನ್‌ಮೆಂಟ್ ಏಜೆನ್ಸಿಯ ಕೈಯಲ್ಲೇ ಇತ್ತು.

ಕಡಲಿನ ಎಣ್ಣೆ, ಗ್ಯಾಸ್ ಘಟಕಗಳಿಗೆ ಮಾತ್ರ ಈ ದೇಶವಾರು ಹಂಚಿಕೆ ಇಲ್ಲ. ಸ್ಕಾಟ್ಲೆಂಡಿನ ಎದುರಿರಲಿ, ಇಂಗ್ಲೆಂಡಿನ ಎದುರಿರಲಿ, ಓಪ್ರೆಡ್ ಒಂದೇ. ಆದರೆ ಕಾನೂನಿನ ಆದೇಶ ತೆರೆದು ಆ ಹೆಸರು ಹುಡುಕಬೇಡಿ, ಅಲ್ಲಿ ‘ಸೆಕ್ರೆಟರಿ ಆಫ್ ಸ್ಟೇಟ್’, ಅಂದರೆ ಮಂತ್ರಿ ಅಂತಿರುತ್ತದೆ. ಮಂತ್ರಿಯ ಪರವಾಗಿ ಕೆಲಸ ಮಾಡುವುದು ಇಂಧನ ಇಲಾಖೆಯೊಳಗಿರುವ ಓಪ್ರೆಡ್.

ಎಣ್ಣೆ ಬೇಕು ಅನ್ನುವ ಇಲಾಖೆಯೇ ಪರಿಸರವನ್ನೂ ಕಾಯುವುದು ವಿಚಿತ್ರ ಅಲ್ವಾ? ಸುರಕ್ಷತೆಯ ವಿಷಯದಲ್ಲಿ ಇದೇ ಪ್ರಶ್ನೆ ಭಾರಿ ಬೆಲೆ ತೆತ್ತ ಮೇಲೆ ಎದ್ದಿತ್ತು. 1988ರ ಜುಲೈ 6ರ ರಾತ್ರಿ ಪೈಪರ್ ಆಲ್ಫಾ ಪ್ಲಾಟ್‌ಫಾರ್ಮ್ ಸ್ಫೋಟಿಸಿ ಹೊತ್ತಿ ಉರಿಯಿತು. 167 ಜನ ಸತ್ತರು. ಆಗ ಉತ್ಪಾದನೆಯ ಉಸ್ತುವಾರಿ, ಸುರಕ್ಷತೆಯ ತಪಾಸಣೆ ಎರಡೂ ಇಂಧನ ಇಲಾಖೆಯಲ್ಲೇ ಇದ್ದವು. ದುರಂತದ ವಿಚಾರಣೆ ನಡೆಸಿದ ನ್ಯಾಯಾಧೀಶ ಲಾರ್ಡ್ ಕಲ್ಲೆನ್ ಅವರ ವರದಿ 106 ಶಿಫಾರಸು ಮಾಡಿತು. 1991ರಲ್ಲಿ ಸುರಕ್ಷತೆ ಎಚ್‌ಎಸ್‌ಇಗೆ, ಅಂದರೆ ಕೆಲಸದ ಜಾಗದ ಆರೋಗ್ಯ, ಸುರಕ್ಷತೆ ನೋಡುವ ಸಂಸ್ಥೆಗೆ, ಹೋಯಿತು. ಪರಿಸರದ ಕೆಲಸ ಮಾತ್ರ ಇಂದಿಗೂ ಇಲಾಖೆಯ ಸೂರಿನಡಿಯೇ ಇದೆ. ಎಣ್ಣೆ, ಗ್ಯಾಸ್ ತೆಗೆಯಲು ಪರವಾನಗಿ ಕೊಡುವುದು ಬೇರೆ ಸಂಸ್ಥೆ, ನಾರ್ತ್ ಸೀ ಟ್ರಾನ್ಸಿಷನ್ ಅಥಾರಿಟಿ, ಅನ್ನುವುದು ಸ್ವಲ್ಪ ಸಮಾಧಾನ. ಹಾಗಾಗಿ ಒಂದೇ ಪ್ಲಾಟ್‌ಫಾರ್ಮಿಗೆ ಮೂರು ಯಜಮಾನರು. ಪ್ರಶ್ನೆ ಯಾವುದರ ಬಗ್ಗೆ ಅಂತ ನೋಡದೆ ಸುಮ್ನೆ ಓಪ್ರೆಡ್ ಅಂತ ಬರೆದುಬಿಡಬೇಡಿ.

ಈಗ ಗಡಿಯ ಮೇಲಿನ ಪ್ರಶ್ನೆಗಳು. ನಾರ್ಫಕ್‌ನ ಬ್ಯಾಕ್ಟನ್ ಟರ್ಮಿನಲ್ ಕಡಲ ಗ್ಯಾಸಿನಿಂದಲೇ ಬದುಕಿದೆ, ಆದರೆ ನಿಂತಿರುವುದು ಇಂಗ್ಲೆಂಡಿನ ನೆಲದಲ್ಲಿ: ಎನ್ವಿರಾನ್‌ಮೆಂಟ್ ಏಜೆನ್ಸಿ. ಶೆಟ್‌ಲೆಂಡಿನ ಸಲ್ಲಂ ವೋ ಟರ್ಮಿನಲ್ಲಿನ ಸುತ್ತ ಎಲ್ಲಿ ನೋಡಿದರೂ ನೀರು. ಆದರೂ ದ್ವೀಪ ನೆಲವೇ, ಹಾಗಾಗಿ ಸೆಪಾ. ಒಂದೇ ಪೈಪಿನ ಎರಡು ತುದಿಗೆ ಇಬ್ಬರು ನಿಯಂತ್ರಕರು ಬರುವುದು ಹೀಗೆ.

ನನಗೆ ಜಾಸ್ತಿ ಇಷ್ಟವಾದದ್ದು ಡಾರ್ಸೆಟ್‌ನ ವಿಚ್ ಫಾರ್ಮ್. ಅಲ್ಲಿ ಎಣ್ಣೆಯ ಒಂದು ಭಾಗ ಇರುವುದು ಕಡಲ ತಳದ ಕೆಳಗೆ. ಕೃತಕ ದ್ವೀಪ ಕಟ್ಟುವ ಯೋಚನೆ ಬಿಟ್ಟು, ದಡದಲ್ಲೇ ರಿಗ್ ನಿಲ್ಲಿಸಿ ಓರೆಯಾಗಿ ಕೊರೆದರು. 1999ರ ಒಂದು ಬಾವಿ ಅಡ್ಡಡ್ಡಲಾಗಿ 10 ಕಿಲೋಮೀಟರಿಗೂ ದೂರ ಹೋಗಿ ಮುಟ್ಟಿತು. ಎಣ್ಣೆ ಕಡಲಡಿಯದ್ದು, ಬಾವಿಯ ಬಾಯಿ ಮತ್ತು ಯಂತ್ರಗಳು ನೆಲದವು. ಯಾರ ಹೆಸರು ಬರೆಯುತ್ತೀರಿ? ನಾನು ಈ ಸಲ ಎನ್ವಿರಾನ್‌ಮೆಂಟ್ ಏಜೆನ್ಸಿ ಅಂತಲೇ ಬರೆದೆ, ಅಂಕ ಸಿಕ್ಕಿತು.